ಕೆರೆ, ಚೆರುವು, ಚಿರ, ಸಿರೈ

ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆಯ ಹೆಸರನ್ನು ಹಲವು ರೀತಿ ಬಿಡಿಸಬಹುದು. ಅರೆ ಎಂದರೆ ಅರ್ಧ. ಅರೆ ಎಂದರೆ ಬಂಡೆ. ಅರ ಎಂದರೆ ಧರ್ಮ, ಅರವಟ್ಟಿಗೆಯಲ್ಲಿರುವ ಅರ. ಬೇಕೆಂದರೆ ಅರಸನನ್ನೂ ಎಳೆದು ತರಬಹುದು. ಊರ ಹೆಸರಿನ ಚರ್ಚೆ ಸಾಮಾನ್ಯವಾಗಿ ಈ ಮೊದಲ ತುಂಡಿನ ಮೇಲೆಯೇ ನಡೆಯುತ್ತದೆ. ಕೆರೆ ಗೊತ್ತಿರುವುದೇ ತಾನೆ ಎಂದು ಅದನ್ನು ಬಿಟ್ಟುಬಿಡುತ್ತೇವೆ. ನನಗೆ ಕುತೂಹಲ ಇರುವುದು ಆ ಬಾಲದ ಬಗ್ಗೆ.

ಕೆರೆದು ಮಾಡಿದ್ದರಿಂದ ಕೆರೆ ಎಂಬ ವಿವರಣೆ ಕೇಳಲು ಚೆನ್ನಾಗಿದೆ. ಆದರೆ ನಮ್ಮ ಆಡುಮಾತೇ ಅದಕ್ಕೆ ಒಪ್ಪುವುದಿಲ್ಲ. ಬಾವಿ ತೋಡಿಸುತ್ತೇವೆ, ಕೆರೆ ಕಟ್ಟಿಸುತ್ತೇವೆ. ತಗ್ಗಿನ ಕಡೆಗೆ ಏರಿ ಹಾಕಿ ಹರಿಯುವ ನೀರನ್ನು ತಡೆದರೆ ಅದು ಕೆರೆ.

ನೆರೆಯ ಭಾಷೆಗಳನ್ನು ನೋಡಿ. ತೆಲುಗಿನಲ್ಲಿ ಚೆರುವು, ಮಲಯಾಳದಲ್ಲಿ ಚಿರ, ತಮಿಳಿನಲ್ಲಿ ಸಿರೈ. ಕಣ್ಣೂರಿನ ಚಿರಕ್ಕಲ್‌ನ ದೊಡ್ಡ ಕೆರೆಗೆ ಇಂದಿಗೂ ಚಿರ ಎಂದೇ ಹೆಸರು. ಇದು ಬರಿಯ ಹೋಲಿಕೆಯಲ್ಲ. ಇ, ಎ ಸ್ವರ ಹತ್ತಿದ ಹಳೆಯ ಕಕಾರವನ್ನು ಕನ್ನಡ ಉಳಿಸಿಕೊಂಡಿತು, ಆ ಮೂರು ಭಾಷೆಗಳು ಚಕಾರ ಮಾಡಿಕೊಂಡವು. ತಮಿಳರು ಇಂದು ಅದನ್ನು ಸಕಾರವಾಗಿ ಉಚ್ಚರಿಸುತ್ತಾರೆ. ನಮ್ಮ ಕಿವಿ ತೆಲುಗಿನಲ್ಲಿ ಚೆವಿ, ತಮಿಳಿನಲ್ಲಿ ಸೆವಿ. ನಮ್ಮ ಕಿರು ತಮಿಳಿನಲ್ಲಿ ಸಿರು. ಹೀಗೆ ಸಾಲಾಗಿ ಪದಗಳು ಹೊಂದಿದಾಗ ಮಾತ್ರ ನಂಟಸ್ತನ ಒಪ್ಪಬೇಕು.

ಈಗ ವಿಷಯದ ತಿರುಳು. ತಮಿಳಿನ ಸಿರೈಗೆ ಅಣೆ, ಕೆರೆ ಎಂಬ ಅರ್ಥಗಳ ಜೊತೆಗೆ ಬಂಧನ, ಸೆರೆಮನೆ ಎಂಬ ಅರ್ಥವೂ ಇದೆ. ಇಂದು ಮುಂದಾಗಿರುವುದು ಅದೇ. ತೆಲುಗಿನಲ್ಲಿ ಚೆರ ಎಂದರೆ ಸೆರೆ. ಬರೋ ಮತ್ತು ಎಮೆನೊ 1961ರಲ್ಲಿ ಹೊರತಂದ ದ್ರಾವಿಡ ನಿಷ್ಪತ್ತಿಕೋಶ ಇವನ್ನೆಲ್ಲ ಒಂದೇ ಬುಡಕ್ಕೆ ಸೇರಿಸುತ್ತದೆ. ಅಂದರೆ ಕೆರೆ, ಸೆರೆ ಎರಡೂ ತಡೆದು ಹಿಡಿದದ್ದೇ. ಒಂದು ನೀರಿನದು, ಇನ್ನೊಂದು ಮನುಷ್ಯನದು. ನಮ್ಮ ಸೆರೆ ಚಕಾರದ ಕಡೆಯಿಂದ ಬಂದ ರೂಪವೆಂದು ನನ್ನ ಎಣಿಕೆ. ಕನ್ನಡದ ಪಾಡಿಗೆ ಬೆಳೆದಿದ್ದರೆ ಕಕಾರ ಉಳಿಯಬೇಕಿತ್ತು. ಎರಡು ಬೇರೆ ವೇಷ ಸಿಕ್ಕಿದ್ದರಿಂದ ಈ ಒಡಹುಟ್ಟುಗಳನ್ನು ನಾವು ಗುರುತಿಸುವುದೇ ಇಲ್ಲ. (ದುಃಖದಲ್ಲಿ ಬಿಗಿಯುವ ಕಂಠದ ಸೆರೆ ಬೇರೆ, ಅದು ಸಂಸ್ಕೃತದ ಸಿರಾ.)

ಏರಿಯದೂ ಒಂದು ತಮಾಷೆ. ನಮಗೆ ಏರಿ ಎಂದರೆ ಕಟ್ಟೆ, ತಮಿಳರಿಗೆ ಏರಿ ಎಂದರೆ ಕೆರೆಯೇ. ಅಲ್ಲಿ ಸಿರೈ ಜೈಲಿನ ಕಡೆ ವಾಲಿತು, ನೀರಿನ ಹೆಸರು ದಂಡೆಯ ಪಾಲಾಯಿತು.

ಕೆರೆ, ಸೆರೆಗಳನ್ನು ಹಳಗನ್ನಡದಲ್ಲಿ ಕೆಱೆ, ಸೆಱೆ ಎಂದು ಬರೆಯುತ್ತಿದ್ದರು. ಕೇಶಿರಾಜ ವಿವರಿಸಿದ ಆ ಶಕಟರೇಫವನ್ನು ನಾವು ಕಳೆದುಕೊಂಡೆವು. ಅದರೊಂದಿಗೆ ಪದಗಳ ಜಾತಕವೂ ಹೋಯಿತು. ಅರಕೆರೆಯ ಅರದ ತೊಡಕೂ ಇಲ್ಲೇ ಇದೆ. ಅರ್ಧದ ಅರೆಗೂ ಅರಸನಿಗೂ ಸಾಮಾನ್ಯ ರಕಾರ. ಬಂಡೆಯ ಅಱೆಗೂ ಧರ್ಮದ ಅಱಕ್ಕೂ ಶಕಟರೇಫ. ಶ್ರೀರಂಗಪಟ್ಟಣ ತಾಲ್ಲೂಕಿನ ಶಾಸನಗಳಿರುವುದು ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿಯ 6ನೇ ಸಂಪುಟದಲ್ಲಿ. ಹೆಸರಿಗೆ ಕಥೆ ಕಟ್ಟುವವರು ಮೊದಲು ಅದನ್ನು ತೆರೆದು, ಎರಡು ರಕಾರಗಳ ಭೇದ ಉಳಿದಿದ್ದ ಕಾಲದ ಬರಹದಲ್ಲಿ ಈ ಊರಿಗೆ ಯಾವ ರಕಾರ ಹಾಕಿದ್ದಾರೆಂದು ಹುಡುಕಬೇಕು.