ಆಚೆ ಹೋದವರೆಲ್ಲ ದಡ್ಡರಾ?

2016ರ ಜೂನ್ 24, ಶುಕ್ರವಾರ. ಬೆಂಗಳೂರಿನ ಅರ್ಧ ಆಫೀಸುಗಳಲ್ಲಿ ಅವತ್ತು ಬೆಳಿಗ್ಗೆ ಕೆಲಸವೇ ಆಗಿರಲಿಕ್ಕಿಲ್ಲ ಅಂತ ನನ್ನ ಅಂದಾಜು. ಬ್ರಿಟನ್ನಿನ ಜನ ಐರೋಪ್ಯ ಒಕ್ಕೂಟ ಬಿಟ್ಟು ಹೋಗೋದಕ್ಕೆ ಮತ ಹಾಕಿಬಿಟ್ಟಿದ್ದರು. ಬಿಡೋಣ ಅಂದವರು ಶೇ 51.9, ಇರೋಣ ಅಂದವರು ಶೇ 48.1. ಸೆನ್ಸೆಕ್ಸ್ ಸಾವಿರ ಅಂಕ ಜಾರಿ, ಸಂಜೆಗೆ ಸುಮಾರು ಆರುನೂರರ ನಷ್ಟಕ್ಕೆ ನಿಂತಿತು. ಪೌಂಡ್ ಮೂವತ್ತೊಂದು ವರ್ಷಗಳಲ್ಲಿ ಕಾಣದಷ್ಟು ಕೆಳಗೆ ಬಿತ್ತು. ಡೇವಿಡ್ ಕ್ಯಾಮರಾನ್ ಪ್ರಧಾನಿ ನಿವಾಸದ ಬಾಗಿಲಲ್ಲಿ ನಿಂತು ರಾಜೀನಾಮೆ ಘೋಷಿಸಿದರು. ದೆಹಲಿಯಲ್ಲಿ ಅರವಿಂದ ಕೇಜ್ರಿವಾಲ್, ನಮ್ಮಲ್ಲೂ ಪೂರ್ಣ ರಾಜ್ಯದ ಸ್ಥಾನಮಾನಕ್ಕೆ ಇಂಥದ್ದೇ ಜನಮತಗಣನೆ ಮಾಡಿಸ್ತೀವಿ ಅಂತ ಟ್ವೀಟ್ ಮಾಡಿದರು. ನಮ್ಮ ವಾಟ್ಸ್ಯಾಪ್ ಗುಂಪುಗಳಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆಲ್ಲ ತೀರ್ಪು ಬಂದಾಗಿತ್ತು: ದಡ್ಡರು.

ವಯಸ್ಸಾದವರು, ಓದದವರು, ಸಣ್ಣ ಊರಿನವರು ಸೇರಿಕೊಂಡು ಓದಿದ ಹುಡುಗರ ಭವಿಷ್ಯ ಹಾಳು ಮಾಡಿದರು ಅನ್ನೋದು ಆ ತೀರ್ಪಿನ ಸಾರಾಂಶ. ನಾನು ಇಲ್ಲಿ ಮಾತಾಡಬೇಕು ಅಂದುಕೊಂಡಿರೋದು ಈ ಪ್ರತಿಕ್ರಿಯೆಯ ಬಗ್ಗೆ. ಬಿಟ್ಟು ಹೋದದ್ದು ಸರಿಯಾ ಅಂತ ಕೇಳಿದರೆ, ತನ್ನ ರಫ್ತಿನ ಹತ್ತಿರ ಹತ್ತಿರ ಅರ್ಧವನ್ನು ಪಕ್ಕದ ಮನೆಗೇ ಮಾರುವ ದೇಶ ಆ ಮನೆಯ ಜೊತೆ ಬಾಗಿಲು ಹಾಕಿಕೊಳ್ಳೋದು ಜಾಣತನ ಅಲ್ಲ ಅಂತಲೇ ನಾನೂ ಹೇಳೋದು. ಆದರೆ ತಪ್ಪು ನಿರ್ಧಾರ ಮಾಡಿದವರೆಲ್ಲ ದಡ್ಡರು ಅನ್ನೋದು ಬೇರೆಯೇ ಮಾತು.

ಫಲಿತಾಂಶ ಬಂದ ಮೇಲೆ ಬ್ರಿಟನ್ನಿನ ಜನ 'ಐರೋಪ್ಯ ಒಕ್ಕೂಟ ಅಂದ್ರೇನು' ಅಂತ ಗೂಗಲ್‌ನಲ್ಲಿ ಹುಡುಕುತ್ತಿದ್ದಾರಂತೆ ಅನ್ನೋ ಸುದ್ದಿ ನಿಮಗೂ ಬಂದಿರುತ್ತೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹುಡುಕಿದವರು ಎಷ್ಟು ಮಂದಿ, ಅವರು ಮತ ಹಾಕಿದವರೇನಾ, ಹಾಕಿದ್ದರೆ ಯಾವ ಕಡೆಗೆ ಅನ್ನೋದು ಯಾವುದೂ ಆ ಸುದ್ದಿಯಲ್ಲಿ ಇರಲಿಲ್ಲ. ಯಾರೂ ಕೇಳಲೂ ಇಲ್ಲ. ಅಲ್ಲಿ ಮತ ಹಾಕಿದವರು ಶೇ 72.2. ಅದಕ್ಕೆ ಎರಡು ವರ್ಷ ಮುಂಚೆ, 2014ರ ಲೋಕಸಭೆ ಚುನಾವಣೆಯಲ್ಲಿ ಬೆಂಗಳೂರು ಉತ್ತರ, ದಕ್ಷಿಣ, ಕೇಂದ್ರ ಮೂರೂ ಕ್ಷೇತ್ರಗಳು ಶೇ 60 ದಾಟಿರಲಿಲ್ಲ. ಇರಲಿ ಬಿಡಿ.

ಇನ್ನೊಂದು ನಗು ಕಾರ್ನ್‌ವಾಲ್ ಬಗ್ಗೆ. ಒಕ್ಕೂಟದಿಂದ ಅಷ್ಟೊಂದು ಅನುದಾನ ತೆಗೆದುಕೊಂಡು ಕೊನೆಗೆ ಬಿಡ್ತೀವಿ ಅಂದರಲ್ಲ, ಉಂಡ ಮನೆಗೆ ಎರಡು ಬಗೆದರಲ್ಲ ಅಂತ. ನಿಸಾನ್ ಕಾರ್ಖಾನೆ ಇರುವ ಸಂಡರ್‌ಲ್ಯಾಂಡ್ ಶೇ 61ರಷ್ಟು ಬಿಡೋಣ ಅಂದದ್ದಕ್ಕೂ ಇದೇ ಮಾತು. ಅಂದರೆ ಲಾಭ ಇರೋ ಕಡೆ ಸುಮ್ಮನೆ ಇರಬೇಕು, ಅದೇ ಬುದ್ಧಿವಂತಿಕೆ. ಈ ಮಾತು ಕೇಳಿದಾಗ ನನಗೆ ನಮ್ಮೂರಿನ ನೆನಪಾಯಿತು. ನಾನು ಕೊಳ್ಳೇಗಾಲದ ಕಡೆಯವನು. ನಮ್ಮ ತಾಲ್ಲೂಕೂ ಒಂದು ಸಲ, ಲಾಭದ ಲೆಕ್ಕ ನೋಡದೆ, ಇದ್ದ ರಾಜ್ಯ ಬಿಟ್ಟು ಆಚೆ ಬಂದದ್ದು.

ಆಫೀಸಿನ ಹುಡುಗರಿಗೆ ಇದು ಗೊತ್ತಿರೋದಿಲ್ಲ, ನಮ್ಮ ಕಡೆಯ ಹುಡುಗರಿಗೂ ಈಗೀಗ ಗೊತ್ತಿಲ್ಲ. 1956ರ ನವೆಂಬರ್ 1ರ ತನಕ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹನೂರು, ರಾಮಾಪುರ, ಮಲೆ ಮಹದೇಶ್ವರ ಬೆಟ್ಟ ಎಲ್ಲವೂ ಅದರೊಳಗೆ. ಹದಿನೈದು ಕಿಲೋಮೀಟರ್ ಆಸುಪಾಸಿನಲ್ಲಿರುವ ಯಳಂದೂರು ಮಾತ್ರ ಮೈಸೂರು ಸಂಸ್ಥಾನ. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಕೊಟ್ಟ ಊರು. ಅಂದರೆ ಯಳಂದೂರಿನವರು ಮಹಾರಾಜರ ಪ್ರಜೆಗಳು, ಕೊಳ್ಳೇಗಾಲದವರು ನೇರವಾಗಿ ಬ್ರಿಟಿಷರ ಪ್ರಜೆಗಳು. ಮಾತು ಅದೇ, ಊಟ ಅದೇ, ಮಾದಪ್ಪ ಅದೇ, ಹೆಣ್ಣು ಕೊಟ್ಟು ತರುವ ಮನೆಗಳೂ ಅವೇ. ಕಚೇರಿ ಮಾತ್ರ ಬೇರೆ. ಯಳಂದೂರಿನವನಿಗೆ ಕಷ್ಟ ಬಂದರೆ ಮೈಸೂರು. ಕೊಳ್ಳೇಗಾಲದವನಿಗೆ ಕಷ್ಟ ಬಂದರೆ ಹಾಸನೂರು ಕಾಡು ದಾಟಿ, ದಿಂಬಂ ಘಾಟಿ ಇಳಿದು, ಸತ್ಯಮಂಗಲದ ಮೇಲೆ ಕೊಯಮತ್ತೂರು. ಅಲ್ಲೂ ಮುಗಿಯದಿದ್ದರೆ ಮದ್ರಾಸ್ ಹೈಕೋರ್ಟು.

ನಮ್ಮ ತಾತ ಯಾವುದೋ ಜಮೀನಿನ ತಕರಾರಿಗೆ ಒಮ್ಮೆ ಹೋಗಿದ್ದರಂತೆ. "ವೋಗಾದು ಒಂದ್ ದಿನ, ಬರಾದು ಒಂದ್ ದಿನ, ಅಲ್ಲಿ ಅವ್ರು ಯೋಳ್ದುದ್ದ ತಿಳ್ಕಳಾದು ಇನ್ನೊಂದ್ ದಿನ ಕನ ಮೊಗ" ಅನ್ನುತ್ತಿದ್ದರು. ಮೈಸೂರು ಅರವತ್ತು ಕಿಲೋಮೀಟರ್ ದೂರದಲ್ಲಿ ಕಣ್ಣಿಗೆ ಕಾಣುವಷ್ಟು ಹತ್ತಿರ ಇತ್ತು, ಆದರೆ ಅದು ಬೇರೆ ಸರ್ಕಾರದ್ದು.

ಈಗ ಲಾಭದ ಲೆಕ್ಕಕ್ಕೆ ಬರೋಣ. ಮದ್ರಾಸ್ ರಾಜ್ಯದಲ್ಲಿ ರೇಷ್ಮೆ ಬೆಳೆ ಅಂದರೆ ಬಹುಪಾಲು ಕೊಳ್ಳೇಗಾಲದ್ದೇ. ಹಿಪ್ಪುನೇರಳೆ ತೋಟ, ಗೂಡು, ಮಗ್ಗ ಎಲ್ಲ ಇಲ್ಲೇ. ಮೈಸೂರಿಗೆ ಬಂದರೆ ಚನ್ನಪಟ್ಟಣ, ರಾಮನಗರ, ಶಿಡ್ಲಘಟ್ಟ ಅಂತ ಸಾಲಾಗಿ ಕೂತಿದ್ದ ರೇಷ್ಮೆ ಊರುಗಳ ನಡುವೆ ಇದೂ ಒಂದು. 1955ರಲ್ಲಿ ಯಾರಾದರೂ ಕನ್ಸಲ್ಟಂಟ್ ಬಂದು ನಾಲ್ಕು ಸ್ಲೈಡ್ ಮಾಡಿ ತೋರಿಸಿದ್ದರೆ, ಇರುವಲ್ಲೇ ಇರಿ, ಅಲ್ಲಿ ನಿಮಗೆ ಎದುರಾಳಿಗಳೇ ಇಲ್ಲ ಅಂತ ಹೇಳಿ ಫೀಸು ಇಸಕೊಂಡು ಹೋಗುತ್ತಿದ್ದ. ಹಾಗಿದ್ದೂ ಕೊಳ್ಳೇಗಾಲ ಕನ್ನಡನಾಡಿಗೆ ಬಂದದ್ದನ್ನು ದಡ್ಡತನ ಅಂತ ಯಾವ ಕನ್ನಡಿಗನೂ ಇವತ್ತಿಗೂ ಅಂದಿಲ್ಲ. ಕಾರ್ನ್‌ವಾಲಿನವರನ್ನು ಕಂಡು ನಕ್ಕವರು ಕೂಡ.

ಒಂದು ವ್ಯತ್ಯಾಸ ಇದೆ, ಅದನ್ನು ಮುಚ್ಚಿಡಬಾರದು. ನಮ್ಮಲ್ಲಿ ಜನಮತಗಣನೆ ನಡೆಯಲಿಲ್ಲ. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಮೂವರ ರಾಜ್ಯ ಪುನರ್ವಿಂಗಡಣಾ ಆಯೋಗ ದೇಶ ಸುತ್ತಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಮನವಿಪತ್ರಗಳು ಬಂದವು, ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಮಾತು ಕೇಳಿದರು, 1955ರ ಸೆಪ್ಟೆಂಬರ್ 30ಕ್ಕೆ ವರದಿ ಕೊಟ್ಟರು. ಮುಂದಿನ ವರ್ಷ ಸಂಸತ್ತು ಕಾಯ್ದೆ ಮಾಡಿತು. ಕೊಳ್ಳೇಗಾಲದ ಭವಿಷ್ಯ ಕಾಯ್ದೆಯ ಒಂದು ಸಾಲು. ಬ್ರಿಟನ್ನಿನ ಫಲಿತಾಂಶ ನೋಡಿ, ಇಂಥ ದೊಡ್ಡ ವಿಷಯಗಳನ್ನು ಜನರ ಕೈಗೆ ಕೊಡಲೇಬಾರದು ಅಂದವರಿಗೆ ಇದು ಇಷ್ಟವಾಗಬಹುದು. ಆದರೆ ಆಯೋಗದ ಹಿಂದೆ ದಶಕಗಳ ಏಕೀಕರಣ ಚಳವಳಿ ಇತ್ತು ಅನ್ನೋದು ಮರೀಬೇಡಿ. ಜನ ಕೇಳಿದ್ದರು, ಮತಪೆಟ್ಟಿಗೆ ಇಡಲಿಲ್ಲ ಅಷ್ಟೇ.

ಕೇಳದೇ ಇದ್ದವರೂ ಇದ್ದರು. ಹಳೇ ಮೈಸೂರಿನಲ್ಲಿ ಏಕೀಕರಣಕ್ಕೆ ದೊಡ್ಡ ವಿರೋಧ ಇತ್ತು. ಕೆಂಗಲ್ ಹನುಮಂತಯ್ಯನವರು ತಮ್ಮದೇ ಪಕ್ಷದೊಳಗೆ ಗುದ್ದಾಡಬೇಕಾಯಿತು. ನಮ್ಮ ಮಹಾರಾಜರು ಕಟ್ಟಿದ್ದು, ನಮ್ಮ ಕರೆಂಟು, ನಮ್ಮ ಕಾರ್ಖಾನೆ. ಈಗ ಹಿಂದುಳಿದ ಜಿಲ್ಲೆಗಳನ್ನು ಕಟ್ಟಿಕೊಂಡು ನಮ್ಮ ದುಡ್ಡು ಅಲ್ಲಿಗೆ ಸುರಿಯಬೇಕಾ ಅನ್ನೋ ಅಳಲು. ಯಾರ ಜಾತಿಯ ಬಲ ಎಷ್ಟಾಗುತ್ತೆ ಅನ್ನೋ ಲೆಕ್ಕವೂ ಅದರ ಅಡಿಯಲ್ಲಿತ್ತು. ಬ್ರಿಟನ್ನಿನಲ್ಲಿ ಕೆಂಪು ಬಸ್ಸಿನ ಮೇಲೆ 'ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಕಳಿಸ್ತಿದೀವಿ' ಅಂತ ಬರೆದು ಊರೂರು ಸುತ್ತಿದರಲ್ಲ, ಅದು ಇದೇ ಅಳಲು. ಆ ಬಸ್ಸನ್ನು ಶುದ್ಧ ಸುಳ್ಳು ಅಂತ ಬೈದ ನನ್ನ ಗೆಳೆಯರೊಬ್ಬರು, ಬೆಂಗಳೂರಿನ ತೆರಿಗೆ ಎಲ್ಲಿಗೆ ಹೋಗುತ್ತೆ ಅನ್ನೋ ಮಾತು ಬಂದರೆ ಅದೇ ಬಸ್ಸು ಹತ್ತುತ್ತಾರೆ. ಟಿಕೆಟ್ಟೂ ಇಸಕೊಳ್ಳಲ್ಲ.

ಎದುರು ಪಾಳಯದ ಪ್ರತಿಕ್ರಿಯೆಯೂ ನನಗೆ ಒಪ್ಪಿಗೆಯಾಗಲಿಲ್ಲ. ಕನ್ನಡದ ಪರ ಮಾತಾಡುವ ಹಲವರು, ನಾನೂ ಅವರ ಜೊತೆಗೇ ಇರುವವನು, ಅವತ್ತು ಖುಷಿಪಟ್ಟರು. ನೋಡಿ, ದೂರದ ರಾಜಧಾನಿಯ ದರ್ಬಾರಿಗೆ ಜನ ಬುದ್ಧಿ ಕಲಿಸಿದರು, ಸ್ವಾಭಿಮಾನ ಗೆದ್ದಿತು ಅಂತ. ಬ್ರಸೆಲ್ಸ್ ಅಂದಲ್ಲಿ ದೆಹಲಿ ಅಂತ ಓದಿಕೊಂಡರು. ಗೆರೆ ಎಳೆದ ಮೇಲೆ ಗೆರೆಯ ಎರಡೂ ಕಡೆ ಯಾರು ಉಳಿದುಹೋಗ್ತಾರೆ ಅನ್ನೋದು ಅವರ ಸಂಭ್ರಮದಲ್ಲಿ ಇರಲಿಲ್ಲ.

ನಮ್ಮ ಗೆರೆಯನ್ನೇ ನೋಡಿ. ಕೊಳ್ಳೇಗಾಲ ಈ ಕಡೆ ಬಂತು. ಪಕ್ಕದ ತಾಳವಾಡಿ, ಅಷ್ಟೇ ಕನ್ನಡದ ನೆಲ, ಮದ್ರಾಸಿನಲ್ಲೇ ಉಳಿಯಿತು. ಈಗ ತಮಿಳುನಾಡಿನ ಈರೋಡು ಜಿಲ್ಲೆ. ಡಾ. ರಾಜ್‌ಕುಮಾರ್ 1929ರಲ್ಲಿ ಹುಟ್ಟಿದ ಗಾಜನೂರು ಇರೋದು ಆ ತಾಳವಾಡಿ ಸೀಮೆಯಲ್ಲಿ. ವೀರಪ್ಪನ್ 1952ರಲ್ಲಿ ಹುಟ್ಟಿದ ಗೋಪಿನಾಥಂ, ತಮಿಳು ಮನೆಮಾತಿನ ಊರು, ಕೊಳ್ಳೇಗಾಲ ತಾಲ್ಲೂಕಿನ ಜೊತೆ ಕರ್ನಾಟಕಕ್ಕೆ ಬಂತು. ಇಬ್ಬರೂ ಹುಟ್ಟಿದ್ದು ಒಂದೇ ಕೊಯಮತ್ತೂರು ಜಿಲ್ಲೆಯಲ್ಲಿ. 2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಹೊತ್ತೊಯ್ದಾಗ, ತಮಿಳುನಾಡಿನಲ್ಲಿ ಹುಟ್ಟಿದ ಕನ್ನಡದ ಮೇರು ನಟನನ್ನು ಕರ್ನಾಟಕದ ತಮಿಳು ಮಾತಾಡುವ ಮನುಷ್ಯ ಒಯ್ದಿದ್ದ. 108 ದಿನ ಎರಡು ಸರ್ಕಾರಗಳು ಒಂದೇ ಕಾಡಿನ ಬಗ್ಗೆ ಮಾತುಕತೆ ಮಾಡಿದವು. ಕಾಸರಗೋಡಿನ ಕಥೆ ಇನ್ನೂ ನೋವಿನದು. 1967ರಲ್ಲಿ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಬರಲಿ ಅಂದರೂ ಅದು ಬರಲೇ ಇಲ್ಲ.

ಸ್ಕಾಟ್ಲೆಂಡಿನಲ್ಲಿ ಶೇ 62 ಜನ ಇರ್ತೀವಿ ಅಂದರು. ಉತ್ತರ ಐರ್ಲೆಂಡಿನಲ್ಲಿ ಶೇ 55.8. ಅವರನ್ನೂ ಎಳಕೊಂಡೇ ಬ್ರಿಟನ್ 2020ರ ಜನವರಿ 31ಕ್ಕೆ ಹೊರಗೆ ಬಂತು. ಸ್ವಾಭಿಮಾನ ಗೆದ್ದಿತು ಅನ್ನುವವರು ಯಾರ ಸ್ವಾಭಿಮಾನ ಅಂತಲೂ ಹೇಳಬೇಕಲ್ಲ?

ಇನ್ನು, ಜೂನ್‌ನಲ್ಲಿ ವಲಸಿಗರನ್ನು ದ್ವೇಷಿಸುವ ಬ್ರಿಟನ್ನಿನ ಜನರಿಗೆ ಪಾಠ ಹೇಳಿದ ಅದೇ ಬೆಂಗಳೂರಿನಲ್ಲಿ, ಮೂರು ತಿಂಗಳು ಕಳೆಯುವುದರೊಳಗೆ, ಸೆಪ್ಟೆಂಬರ್ 12ರಂದು ಕಾವೇರಿ ಹೆಸರಲ್ಲಿ ತಮಿಳುನಾಡು ನೋಂದಣಿಯ ಬಸ್ಸುಗಳು ಡಿಪೋದಲ್ಲೇ ಉರಿದವು. ಪಾಠ ಹೇಳಿದವರೇ ಬೆಂಕಿ ಹಾಕಿದರು ಅಂತ ನಾನು ಹೇಳ್ತಿಲ್ಲ. ಅವರು ಅವತ್ತು ಬೇಗ ಆಫೀಸು ಬಿಟ್ಟು ಮನೆ ಸೇರಿಕೊಂಡರು. ಮಾರನೇ ದಿನ 'ಕಿಡಿಗೇಡಿಗಳು' ಅಂದರು. ದಡ್ಡರು ಅಂತ ಅನ್ನಲಿಲ್ಲ, ಯಾಕಂದ್ರೆ ಇವರು ನಮ್ಮವರು.

ನನ್ನ ಕಂಪ್ಲೇಂಟು ಇಷ್ಟೇ. ಒಕ್ಕೂಟ ಅಂದ ತಕ್ಷಣ ನಮಗೆ ಕಾಣೋದು ವೀಸಾ, ಷೇರು, ಲಂಡನ್ನಿನ ಕ್ಲೈಂಟು. ಅದು ಕೆಟ್ಟದ್ದಲ್ಲ, ನನಗೂ ಸಂಬಳ ಬರೋದು ಹಾಗೇ. ಆದರೆ ಒಕ್ಕೂಟದಿಂದ ಬರೋದೆಲ್ಲ ನಮ್ಮಂಥವರ ಟೇಬಲ್ಲಿಗೇ ಮೊದಲು ಬರುತ್ತೆ. ಉಳಿದವರು ನೋಡೋದು ಎರಡೇ: ನನ್ನ ಅರ್ಜಿ ತೀರ್ಮಾನ ಆಗೋ ಕಚೇರಿ ಎಷ್ಟು ದೂರ, ಅಲ್ಲಿ ಕೂತಿರುವವನಿಗೆ ನನ್ನ ಮಾತು ಅರ್ಥವಾಗುತ್ತಾ. ಬ್ರಿಟನ್ನಿನ ಜನ ಆ ಪ್ರಶ್ನೆಗೆ ತಪ್ಪು ಉತ್ತರ ಬರೆದಿರಬಹುದು, ರಾಜಕಾರಣಿಗಳು ಆ ಪ್ರಶ್ನೆಯಲ್ಲಿ ವಿಷ ಬೆರೆಸಿದ್ದೂ ನಿಜ. ಪ್ರಶ್ನೆಯೇ ಇರಲಿಲ್ಲ ಅಂತ ನಗೋದು ಹೇಗೆ?

ಹನೂರು ಕೊಳ್ಳೇಗಾಲ ತಾಲ್ಲೂಕು ಬಿಟ್ಟು ಬೇರೆಯಾದಾಗ ಯಾರೂ ನಗಲಿಲ್ಲ. 2017ರ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. ಬೆಟ್ಟದವರು ತಾಲ್ಲೂಕು ಕಚೇರಿಗೆ ಸುಮಾರು ಎಂಬತ್ತು ಕಿಲೋಮೀಟರ್ ಬಸ್ಸಲ್ಲಿ ಬರಬೇಕಿತ್ತು, ಅದು ಹನೂರಿಗೇ ನಿಂತಿತು. ಎಲ್ಲರಿಗೂ ಸರಿ ಅನ್ನಿಸಿತು. ಅದಕ್ಕೂ ಮುಂಚೆ 1997ರಲ್ಲಿ ಚಾಮರಾಜನಗರ ಜಿಲ್ಲೆಯಾಗಿ ಮೈಸೂರಿನಿಂದ ಬೇರೆಯಾದಾಗ ಕೊಳ್ಳೇಗಾಲ, ಯಳಂದೂರು ಎರಡೂ ಅದಕ್ಕೆ ಸೇರಿದವು.

ಗೋಪಿನಾಥಂನಲ್ಲಿ 1956ಕ್ಕೆ ಮುಂಚೆ ಹುಟ್ಟಿ ಇವತ್ತಿಗೂ ಅದೇ ಮನೆಯಲ್ಲಿರುವ ಒಬ್ಬ ಮುದುಕರನ್ನು ಊಹಿಸಿಕೊಳ್ಳಿ. ಕೂತ ಜಗುಲಿ ಬಿಟ್ಟು ಏಳದೆಯೇ ಅವರು ಎರಡು ರಾಜ್ಯ, ಮೂರು ಜಿಲ್ಲೆ, ಎರಡು ತಾಲ್ಲೂಕು ನೋಡಿದ್ದಾರೆ. ಒಂದು ಸಲವೂ ಯಾರೂ ಅವರ ಕೈಗೆ ಚೀಟಿ ಕೊಟ್ಟು, ನಿಮಗೆ ಎಲ್ಲಿರಬೇಕು ಅನ್ನಿಸುತ್ತೆ ಅಂತ ಕೇಳಲಿಲ್ಲ.