ಯಾವ ಕಾರಂತರ ‘ಚೋಮನ ದುಡಿ’?

‘ಚೋಮನ ದುಡಿ’ ಕಾರಂತರದ್ದು ಎಂದರೆ ತಪ್ಪಲ್ಲ. ಆದರೆ ಯಾವ ಕಾರಂತರದ್ದು ಎಂದು ಕೇಳದೆ ಹೋದರೆ ಒಬ್ಬರಿಗೆ ಅನ್ಯಾಯವಾಗುತ್ತದೆ. 1933ರ ಕಾದಂಬರಿ ಕೋಟದ ಶಿವರಾಮ ಕಾರಂತರದು. 1975ರ ಚಲನಚಿತ್ರ ಬಂಟ್ವಾಳ ಸೀಮೆಯ ಮಂಚಿಯಲ್ಲಿ ಹುಟ್ಟಿದ ಬಿ.ವಿ. ಕಾರಂತರದು. ಇಬ್ಬರೂ ಕರಾವಳಿಯವರು. ಇಬ್ಬರನ್ನೂ ಯಕ್ಷಗಾನ ಸೆಳೆದಿತ್ತು. ಭಾಷಣದಲ್ಲೂ ಬರಹದಲ್ಲೂ ಬರೀ ‘ಕಾರಂತರು’ ಎಂದು ಮುಗಿಸುವ ರೂಢಿಯಿಂದ, ಜ್ಞಾನಪೀಠ ಪಡೆದ ಹಿರಿಯರ ನೆರಳಿನಲ್ಲಿ ಕಿರಿಯರ ಸಿನಿಮಾ ಕಾದಂಬರಿಯ ಬಾಲದಂತೆ ಕಾಣತೊಡಗುತ್ತದೆ.

ಅದು ಬಾಲವಲ್ಲ.

ಕಥಾನಾಯಕ ಚೋಮನ ಆಸೆ ದೊಡ್ಡದೇನಲ್ಲ: ತನ್ನದೂ ಒಂದು ತುಂಡು ಬೇಸಾಯದ ನೆಲ ಇರಬೇಕು. ಜೋಡಿ ಎತ್ತುಗಳಿವೆ, ದುಡಿಯುವ ಮಕ್ಕಳಿದ್ದಾರೆ. ಆದರೆ ಅಸ್ಪೃಶ್ಯನಿಗೆ ಗದ್ದೆ ಸಿಗುವುದಿಲ್ಲ, ಸಾಲ ಮಾತ್ರ ತೀರುವುದಿಲ್ಲ. ಶಿವರಾಮ ಕಾರಂತರು ಇದನ್ನು ಬರೆಯುವಾಗ ಚೋಮನ ಮನಸ್ಸಿನೊಳಕ್ಕೆ ಹೊಕ್ಕು ಬರುತ್ತಾರೆ. ಅವನ ಹಟ, ಕುಡಿತ, ಮಗಳು ಬೆಳ್ಳಿಯ ಮೇಲಿನ ಅಕ್ಕರೆ ಎಲ್ಲಕ್ಕೂ ಮಾತು ಕೊಡುತ್ತಾರೆ.

ಬಿ.ವಿ. ಕಾರಂತರು ಆ ಮಾತಿನ ಜಾಗದಲ್ಲಿ ಸದ್ದನ್ನಿಟ್ಟರು. ಗುಬ್ಬಿ ಕಂಪನಿಯಲ್ಲಿ ಪಳಗಿ, ರಂಗಸಂಗೀತಕ್ಕೆ ಹೊಸ ಕಿವಿ ಕೊಟ್ಟ ಅವರು ಈ ಚಿತ್ರದ ಸಂಗೀತವನ್ನೂ ತಾವೇ ಮಾಡಿದರು. ಹೀಗಾಗಿ ದುಡಿ ಇಲ್ಲಿ ಹಿನ್ನೆಲೆ ವಾದ್ಯವಲ್ಲ. ಧಣಿಯೆದುರು ಬಗ್ಗಿ ನಿಲ್ಲುವ ಚೋಮ ಗುಡಿಸಲಿಗೆ ಬಂದು ದುಡಿ ಹಿಡಿದಾಗಲೇ ನೆಟ್ಟಗಾಗುತ್ತಾನೆ. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವ ರಾವ್ ಅವರ ಬಡಕಲು ಮೈ, ಕೆರಳಿದ ಕಣ್ಣು, ಚರ್ಮದ ಮೇಲೆ ಬೀಳುವ ಬೆರಳು ಇವಿಷ್ಟರಲ್ಲೇ ಅವನ ಸಿಟ್ಟು ಕೇಳಿಸುತ್ತದೆ. ಮಗ ನೀರಿನಲ್ಲಿ ಮುಳುಗುವಾಗ ಮುಟ್ಟಿದರೆ ಮೈಲಿಗೆಯೆಂದು ಜನ ದಡದಲ್ಲೇ ನಿಲ್ಲುವ ದೃಶ್ಯದಲ್ಲಿ ಯಾರೂ ವ್ಯಾಖ್ಯಾನ ಕೊಡಬೇಕಿಲ್ಲ. ನೋಡುವವರ ಹೊಟ್ಟೆಯಲ್ಲೇ ಸಂಕಟ ಏಳುತ್ತದೆ. ಚಿತ್ರಕ್ಕೆ ಸ್ವರ್ಣಕಮಲವೂ ವಾಸುದೇವ ರಾವ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯೂ ಸಂದದ್ದು ನ್ಯಾಯವಾಗಿಯೇ ಇದೆ.

ಕೊರತೆಯೂ ಉಂಟು. ಕಾಫಿ ತೋಟದಲ್ಲಿ ಬೆಳ್ಳಿ ಸಿಕ್ಕಿಬೀಳುವ ಇಕ್ಕಟ್ಟು ಪುಸ್ತಕದಲ್ಲಿ ನಿಧಾನವಾಗಿ ಬಿಗಿಯುತ್ತದೆ. ತೆರೆಯ ಮೇಲೆ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಅಲ್ಲಿ ಕಾದಂಬರಿಕಾರರೇ ಮೇಲು. ದುಡಿ ಬಾರಿಸುತ್ತಲೇ ಚೋಮ ಪ್ರಾಣ ಬಿಡುವ ಕೊನೆಯ ಭಾಗದಲ್ಲಿ ಮಾತ್ರ ನಿರ್ದೇಶಕರು ಮುಂದೆ ಹೋಗುತ್ತಾರೆ, ಏಕೆಂದರೆ ಅಕ್ಷರ ಸೂಚಿಸಬಹುದಾದ ಲಯವನ್ನು ಅವರು ಕೇಳಿಸಬಲ್ಲರು. ಇಂಥ ತೂಕ ಸಾಧ್ಯವಾಗುವುದು ಇಬ್ಬರನ್ನೂ ಬೇರೆಯಾಗಿ ಕಂಡಾಗಲೇ.

ಹೆಸರಿನ ಗೋಜಲು ಇಬ್ಬರಿಗೇ ನಿಲ್ಲುವುದಿಲ್ಲ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು ತೆರೆಗೆ ತಂದ ಪ್ರೇಮಾ ಕಾರಂತರನ್ನು ಬಿ.ವಿ. ಕಾರಂತರ ಪತ್ನಿ ಎಂದಷ್ಟೇ ಪರಿಚಯಿಸುವವರಿದ್ದಾರೆ. ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು ಹುಲಿಗಳನ್ನು ಎಣಿಸಿದ ವಿಜ್ಞಾನಿ ಉಲ್ಲಾಸ ಕಾರಂತರು ಶಿವರಾಮ ಕಾರಂತರ ಮಗ. ಅವರ ಕೆಲಸವೂ ತಂದೆಯ ಖ್ಯಾತಿಯ ಉಪಕಥೆಯಲ್ಲ.

ಅಡ್ಡಹೆಸರೊಂದನ್ನೇ ಹೇಳುವುದರಲ್ಲಿ ಗೌರವವಿದೆ, ಸಲಿಗೆಯಿದೆ. ಆದರೂ ಆಹ್ವಾನ ಪತ್ರಿಕೆಯಲ್ಲಿ, ಗ್ರಂಥಾಲಯದ ಪಟ್ಟಿಯಲ್ಲಿ, ಪಠ್ಯದಲ್ಲಿ ಪೂರ್ತಿ ಹೆಸರು ಬೇಕೇ ಬೇಕು. ‘ಚೋಮನ ದುಡಿ’ ಪಾಠ ಮಾಡುವ ಅಧ್ಯಾಪಕರು ಚಿತ್ರವನ್ನೂ ತೋರಿಸಿ, ಆ ಕೊನೆಯ ಭಾಗವನ್ನು ಪುಸ್ತಕದ ಪುಟಗಳ ಪಕ್ಕದಲ್ಲಿಟ್ಟು ಚರ್ಚಿಸಿದರೆ ಎರಡೂ ಕೃತಿಗಳಿಗೆ ಸಲ್ಲಬೇಕಾದದ್ದು ಸಲ್ಲುತ್ತದೆ.