ಕರಿ ಕೋಟು ಮತ್ತು ಬರೆಯದ ನಿಯಮ

"ಲಾ ಫರ್ಮ್‌ನವರು ಕರೆದಿದ್ದಾರೆ, ಏನು ಹಾಕ್ಕೊಂಡು ಹೋಗೋದು?" ಮುಂಬೈ, ಪುಣೆ, ಹೈದರಾಬಾದ್‌ಗಳಲ್ಲಿ ಕಾನೂನು ಓದುತ್ತಿರುವ ನಮ್ಮ ಮಕ್ಕಳು ಕೇಳುವ ಈ ಪ್ರಶ್ನೆಯನ್ನು ಸಣ್ಣದು ಅಂದುಕೊಳ್ಳಬೇಡಿ. ಇದಕ್ಕೆ ಉತ್ತರ ಹೇಳುವ ಸಲಹೆಗಳದ್ದೇ ಒಂದು ಸಾಹಿತ್ಯ ಈಗ ಬೆಳೆದು ನಿಂತಿದೆ. ಸೀನಿಯರ್‌ಗಳ ವಾಟ್ಸಾಪ್ ಸಂದೇಶ, ಕಾಲೇಜಿನ ಪ್ಲೇಸ್‌ಮೆಂಟ್ ಸಮಿತಿಯ ಸೂಚನೆ, ಯೂಟ್ಯೂಬ್ ವಿಡಿಯೋ, ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಪಾಠ. ಕಡುನೀಲಿ ಅಥವಾ ಬೂದು ಬಣ್ಣದ ಸೂಟು ಇರಲಿ, ಮೈಗೆ ಸರಿಯಾಗಿ ಕೂತಿರಲಿ. ಶೂ ಪಾಲಿಶ್ ಆಗಿರಲಿ. ಒಡವೆ ಕಡಿಮೆ, ಅತ್ತರು ಇನ್ನೂ ಕಡಿಮೆ. ಕೊನೆಯಲ್ಲಿ ತಪ್ಪದೆ ಒಂದು ಸಾಲು: ನೀವು ನೀವಾಗಿರಿ.

ಈ ಸಲಹೆಗಳನ್ನು ಒಂದು ಪಠ್ಯದಂತೆ ಕೂತು ಓದಿ ನೋಡೋಣ ಅಂತ ಈ ಬರಹ. ಅವು ಏನು ಹೇಳುತ್ತವೆ ಅನ್ನುವುದಕ್ಕಿಂತ ಏನನ್ನು ಹೇಳದೆ ಬಿಡುತ್ತವೆ ಅನ್ನುವುದು ನನಗೆ ಮುಖ್ಯ.

ಮೊದಲು ಈ ಕೂಟ ಎಂಥದ್ದು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ನರಿಮನ್ ಪಾಯಿಂಟ್, ಲೋವರ್ ಪರೇಲ್, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ಗಳಲ್ಲಿ ಕಚೇರಿ ಇರುವ ದೊಡ್ಡ ಲಾ ಫರ್ಮ್‌ಗಳು ವಿದ್ಯಾರ್ಥಿಗಳನ್ನು ಒಂದು ಸಂಜೆ ಕರೆಯುತ್ತವೆ. ಭಾಷಣ ಚಿಕ್ಕದು, ಮಾತುಕತೆ ಉದ್ದ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಗ್ಲಾಸು ಹಿಡಿದು ನಿಂತುಕೊಂಡೇ ಪಾರ್ಟ್ನರ್‌ಗಳ ಪರಿಚಯ ಮಾಡಿಕೊಳ್ಳಬೇಕು. ಪರಿಚಯದಿಂದ ಇಂಟರ್ನ್‌ಶಿಪ್, ಇಂಟರ್ನ್‌ಶಿಪ್‌ನಿಂದ ಕೆಲಸ, ಇದು ಎಲ್ಲರಿಗೂ ಗೊತ್ತಿರುವ ದಾರಿ. ಇದು ಸಂದರ್ಶನ ಅಲ್ಲ ಅಂತ ಕರೆದವರು ಹೇಳುತ್ತಾರೆ. ಆದರೆ ಬಂದವರಿಗೆ ಅದು ಸಂದರ್ಶನವೇ. ಅಂಕಪಟ್ಟಿ ತೋರಿಸುವ ಮೊದಲು ಅಲ್ಲಿ ಮೈಮೇಲಿನ ಬಟ್ಟೆ ಮಾತಾಡಿಬಿಡುತ್ತದೆ.

ಈಗ ಸಲಹೆಗೆ ಬನ್ನಿ. ಅದು ಯಾರ ಮೈಯನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದದ್ದು? ಎ.ಸಿ. ಕಾರಿನಲ್ಲಿ ಬಂದು ಎ.ಸಿ. ಹಾಲಿನಲ್ಲಿ ಇಳಿಯುವ ಮೈಯನ್ನು. ಮೇ ತಿಂಗಳಲ್ಲಿ ಮುಂಬ್ರಾದಿಂದ ಸ್ಲೋ ಲೋಕಲ್ ಹತ್ತಿ, ಕರಿ ರೋಡ್‌ನಲ್ಲಿ ಇಳಿದು, ಸೇತುವೆ ದಾಟಿ ಲೋವರ್ ಪರೇಲ್‌ಗೆ ನಡೆದು ಬರುವ ಹುಡುಗ ಆ ಸೂಟಿನೊಳಗೆ ಬೆವರಿನಲ್ಲಿ ಮಿಂದಿರುತ್ತಾನೆ. "ಮೈಗೆ ಸರಿಯಾಗಿ ಕೂರುವ ಸೂಟು" ಅಂದರೆ ಹೊಲಿಸಿದ ಸೂಟು, ಅಂದರೆ ದುಡ್ಡು. ಫ್ಯಾಷನ್ ಸ್ಟ್ರೀಟಿನಲ್ಲಿ ಚೌಕಾಸಿ ಮಾಡಿ ತಂದ ಕೋಟು ಎಷ್ಟು ಇಸ್ತ್ರಿ ಮಾಡಿದರೂ ಹೆಗಲ ಮೇಲೆ ಸುಳ್ಳು ಹೇಳುವುದಿಲ್ಲ. ಇದು ಎಲ್ಲ ಜಾತಿ ಧರ್ಮದ ಬಡ ಮಕ್ಕಳ ಕಷ್ಟ, ನಮ್ಮವರದ್ದು ಮಾತ್ರ ಅಲ್ಲ.

ಇನ್ನೊಂದು ಮೌನ ಮಾತ್ರ ನಮ್ಮ ಮನೆಗೆ ಹತ್ತಿರದ್ದು. ತಲೆ ಮೇಲಿನ ಸ್ಕಾರ್ಫಿನ ಬಗ್ಗೆ ಈ ಸಲಹೆಗಳಲ್ಲಿ ಒಂದು ಅಕ್ಷರ ಸಿಗುವುದು ಕಷ್ಟ. ಹಾಕಿ ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ. ಗಡ್ಡದ ಬಗ್ಗೆ "ನೀಟಾಗಿರಲಿ" ಅನ್ನುವುದಷ್ಟೇ. ಬೇಡ ಅಂದಿದ್ದರೆ ಯಾಕೆ ಅಂತ ಕೇಳಬಹುದಿತ್ತು. ಏನೂ ಹೇಳದಿದ್ದಾಗ ಕೇಳುವುದಾದರೂ ಯಾರನ್ನು?

ಇಲ್ಲೇ ಕೋರ್ಟನ್ನು ನೆನೆಯಬೇಕು. ಕೋರ್ಟು ಅಂದರೆ ಹಳೇ ಕಾಲದ್ದು, ಬ್ರಿಟಿಷರು ಬಿಟ್ಟು ಹೋದ ಗೌನು, ಸೆಕೆಯಲ್ಲೂ ಕರಿ ಕೋಟು ಅಂತ ನಾವು ತಮಾಷೆ ಮಾಡುತ್ತೇವೆ. ಆದರೆ 1961ರ ವಕೀಲರ ಕಾಯ್ದೆಯ ಅಡಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಮಾಡಿರುವ ಉಡುಪಿನ ನಿಯಮವನ್ನು ಒಮ್ಮೆ ತೆರೆದು ಓದಿ. ಗಂಡಸರಿಗೆ ಗುಂಡಿ ಹಾಕಿದ ಕರಿ ಕೋಟು ಮಾತ್ರ ಅಲ್ಲ, ಚಪ್ಕನ್ ಇದೆ, ಅಚ್ಕನ್ ಇದೆ, ಕರಿ ಶೇರ್ವಾನಿ ಇದೆ. ಪ್ಯಾಂಟಿನ ಜೊತೆಗೆ ಧೋತಿಯೂ ನಡೆಯುತ್ತದೆ, ಜೀನ್ಸ್ ನಡೆಯುವುದಿಲ್ಲ. ಹೆಂಗಸರಿಗೆ ಸೀರೆ, ಉದ್ದ ಲಂಗ, ಸಲ್ವಾರ್ ಕುರ್ತಾ, ಚೂಡಿದಾರ್ ಕುರ್ತಾ, ದುಪಟ್ಟಾ ಇದ್ದರೂ ಸರಿ ಇಲ್ಲದಿದ್ದರೂ ಸರಿ. ಅದೂ ಸಾಲದು ಅಂತ ಸಾಂಪ್ರದಾಯಿಕ ಉಡುಪಿನ ಮೇಲೆ ಕರಿ ಕೋಟು ಮತ್ತು ಬ್ಯಾಂಡ್ ಅನ್ನುವ ದಾರಿಯೂ ಇದೆ. ಸುಪ್ರೀಂ ಕೋರ್ಟು, ಹೈಕೋರ್ಟು ಬಿಟ್ಟರೆ ಉಳಿದ ಕೋರ್ಟುಗಳಲ್ಲಿ ಬೇಸಿಗೆಯಲ್ಲಿ ಕೋಟು ಕಡ್ಡಾಯ ಅಲ್ಲ. ಕೊರೊನಾ ಬಂದಾಗ, 2020ರ ಮೇನಲ್ಲಿ, ವಿಡಿಯೋ ವಿಚಾರಣೆಗೆ ಬಿಳಿ ಅಂಗಿ, ಬಿಳಿ ಸಲ್ವಾರ್ ಕಮೀಜ್ ಅಥವಾ ಬಿಳಿ ಸೀರೆ ಮತ್ತು ಬ್ಯಾಂಡ್ ಸಾಕು ಅಂತ ಸುಪ್ರೀಂ ಕೋರ್ಟು ಸುತ್ತೋಲೆ ಹೊರಡಿಸಿತು. ನಿಯಮ ಬರೆದಿತ್ತು, ಆದ್ದರಿಂದ ಅದನ್ನು ಬದಲಾಯಿಸಲೂ ಆಯಿತು.

ಬರೆದ ನಿಯಮ ಯಾವಾಗಲೂ ನಮ್ಮ ಪರ ಇರುತ್ತದೆ ಅಂತ ನಾನು ಹೇಳುತ್ತಿಲ್ಲ. ಮುಖ ಮುಚ್ಚಿಕೊಂಡು ವಕೀಲೆಯಾಗಿ ಹಾಜರಾಗಲು ಈ ನಿಯಮದಲ್ಲಿ ಅವಕಾಶ ಇಲ್ಲ ಅಂತ ಜಮ್ಮು ಕಾಶ್ಮೀರ ಹೈಕೋರ್ಟು 2024ರ ಡಿಸೆಂಬರ್‌ನಲ್ಲಿ ಹೇಳಿತು. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಅಲ್ಲಿ ಒಂದು ಪುಟ ಇದೆ, ಆ ಪುಟದ ಮೇಲೆ ಬೆರಳಿಟ್ಟು ವಾದ ಮಾಡಬಹುದು. ಕಲಬುರಗಿಯ ಕಾಲೇಜಿನಲ್ಲಿ ಓದುವ ಹುಡುಗಿಯೂ ಅದನ್ನು ಓದಿ ಹಾಗೇ ಉಟ್ಟು ಬಂದರೆ ಯಾರೂ ಅವಳನ್ನು ಮೇಲೆ ಕೆಳಗೆ ನೋಡುವಂತಿಲ್ಲ. "ಸ್ಮಾರ್ಟ್ ಕ್ಯಾಶುಯಲ್" ಅನ್ನುವ ಎರಡು ಪದಕ್ಕೆ ಅಂಥ ಪುಟ ಇಲ್ಲ. ಅದರ ಅರ್ಥ ಅಪ್ಪ ಅಮ್ಮ ವಕೀಲರಾಗಿದ್ದ ಮನೆಯ ಮಕ್ಕಳಿಗೆ ಊಟದ ಮೇಜಿನ ಮೇಲೆ ಗೊತ್ತಾಗಿರುತ್ತದೆ, ಮಿಕ್ಕವರಿಗೆ ಅವಮಾನ ಆದ ಮೇಲೆ ಗೊತ್ತಾಗುತ್ತದೆ. ಉದಾರಿ ಅಂತ ಕರೆದುಕೊಳ್ಳುವ ಕಾರ್ಪೊರೇಟ್ ಸಂಜೆಗಿಂತ ಮಡಿವಂತ ಅಂತ ಬೈಸಿಕೊಳ್ಳುವ ಕೋರ್ಟಿನ ಬಾಗಿಲು ಅಗಲ ಇದೆ. ಇದು ನನ್ನ ಮುಖ್ಯ ತಕರಾರು.

ಉಡುಪಿನ ಈ ಜಗಳದಲ್ಲಿ ನಮಗೆ ಪಾಠ ಹೇಳಬಲ್ಲ ಒಂದು ಹಳೇ ಪ್ರಕರಣ ಇದೆ. 1893ರಲ್ಲಿ ಬ್ಯಾರಿಸ್ಟರ್ ಗಾಂಧಿ ಡರ್ಬನ್‌ಗೆ ಬಂದ ಹೊಸತು. ದಾದಾ ಅಬ್ದುಲ್ಲಾ ಸೇಠರ ಜೊತೆ ಕೋರ್ಟಿಗೆ ಹೋದಾಗ ಮ್ಯಾಜಿಸ್ಟ್ರೇಟರು ಪೇಟ ತೆಗೆ ಅಂದರು. ಗಾಂಧಿ ತೆಗೆಯಲಿಲ್ಲ, ಎದ್ದು ಹೊರಗೆ ಬಂದರು. ವಿಚಿತ್ರ ನೋಡಿ, ಮುಸಲ್ಮಾನ ಪೋಷಾಕಿನಲ್ಲಿದ್ದವರು ಆ ಕೋರ್ಟಿನಲ್ಲಿ ಪೇಟ ಇಟ್ಟುಕೊಳ್ಳಬಹುದಿತ್ತು, ಉಳಿದ ಭಾರತೀಯರು ತೆಗೆಯಬೇಕಿತ್ತು. ಹಾಗಾದರೆ ಇಂಗ್ಲಿಷ್ ಹ್ಯಾಟು ಹಾಕಿಬಿಡಲೇ ಅಂತ ಗಾಂಧಿ ಯೋಚಿಸಿದಾಗ ಬೇಡ ಅಂದವರು ಅಬ್ದುಲ್ಲಾ ಸೇಠರು. ಅದು ಹಾಕಿದರೆ ನಿಮ್ಮನ್ನು ಹೋಟೆಲ್ ಮಾಣಿ ಅಂದುಕೊಂಡಾರು ಅನ್ನುವುದು ಅವರ ಒಂದು ಕಾರಣ. ಮರುವರ್ಷ ನೆಟಾಲ್‌ನ ಸುಪ್ರೀಂ ಕೋರ್ಟಿನಲ್ಲಿ ವಕೀಲರಾಗಿ ಪ್ರಮಾಣ ಮಾಡಿದಾಗ ಮುಖ್ಯ ನ್ಯಾಯಾಧೀಶರು ಅದೇ ಪೇಟ ತೆಗೆಯಲು ಹೇಳಿದರು. ಈ ಸಲ ಗಾಂಧಿ ತೆಗೆದರು. ಇನ್ನೂ ದೊಡ್ಡ ಹೋರಾಟಗಳಿಗೆ ಶಕ್ತಿ ಉಳಿಸಿಕೊಳ್ಳಬೇಕು ಅನ್ನುವುದು ಅವರ ಲೆಕ್ಕ. ಸೇಠರಿಗೂ ಗೆಳೆಯರಿಗೂ ಅದು ಹಿಡಿಸಲಿಲ್ಲ.

ಗಾಂಧಿ ಬಗ್ಗಿದರೋ ಇಲ್ಲವೋ ಅನ್ನುವುದಕ್ಕಿಂತ ಇನ್ನೊಂದು ವಿಷಯ ಇಲ್ಲಿ ದೊಡ್ಡದು. ಎರಡೂ ಸಲ ಅವರಿಗೆ ಎದುರಿಗೊಬ್ಬ ಮನುಷ್ಯ ಇದ್ದ, ಬಾಯಿ ಬಿಟ್ಟು ಹೇಳಿದ ಆದೇಶ ಇತ್ತು. ಒಮ್ಮೆ ಧಿಕ್ಕರಿಸಿದರು, ಒಮ್ಮೆ ಒಪ್ಪಿದರು. ಎರಡೂ ಅವರದೇ ತೀರ್ಮಾನ. ಇವತ್ತಿನ ಸಂಜೆ ಕೂಟದಲ್ಲಿ ಸ್ಕಾರ್ಫ್ ತೆಗೆ ಅಂತ ಯಾರೂ ಹೇಳುವುದಿಲ್ಲ. ಹುಡುಗಿ ಮನೆಯ ಕನ್ನಡಿ ಮುಂದೆ ನಿಂತು ತನಗೆ ತಾನೇ ಆದೇಶ ಕೊಟ್ಟುಕೊಳ್ಳುತ್ತಾಳೆ. ಆ ಆದೇಶದ ಮೇಲೆ ಅಪೀಲು ಎಲ್ಲಿ ಹಾಕುವುದು?

ಈಗ ಆ ಕನ್ನಡಿ ಮುಂದೆ ನಿಂತಿರುವವರು ಯಾರು ಅಂತ ಯೋಚಿಸಿ. 2022ರ ಫೆಬ್ರವರಿ 5ರ ಸರ್ಕಾರಿ ಆದೇಶ ಬಂದಾಗ ಕರ್ನಾಟಕದಲ್ಲಿ ಪಿಯುಸಿ ಓದುತ್ತಿದ್ದ ಹುಡುಗಿಯರು ಇವರು. ಮಾರ್ಚ್ 15ಕ್ಕೆ ಹೈಕೋರ್ಟು ಆ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕಿನ ತೀರ್ಪು ಕೊಟ್ಟರು. ಐದು ವರ್ಷದ ಕಾನೂನು ಪದವಿ ಸೇರಿದವರು ಈಗ ಕೊನೆಯ ಹಂತದಲ್ಲಿದ್ದಾರೆ. ಮುಂಬೈಯಲ್ಲೂ ಚೆಂಬೂರಿನ ಒಂದು ಕಾಲೇಜು ಹಿಜಾಬು, ಟೋಪಿ ಬೇಡ ಅಂದಾಗ ಬಾಂಬೆ ಹೈಕೋರ್ಟು ಮಧ್ಯೆ ಬರಲಿಲ್ಲ. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಆ ಸುತ್ತೋಲೆಗೆ ಭಾಗಶಃ ತಡೆ ಕೊಟ್ಟಿತು. ಒಂದು ತುಂಡು ಬಟ್ಟೆಗಾಗಿ ಕಾಲೇಜಿನ ಗೇಟಿನಲ್ಲಿ ನಿಂತವರು ಕಾನೂನು ಓದಲು ಹೊರಟದ್ದು ಆಶ್ಚರ್ಯ ಅಲ್ಲ. ಅವರಿಗೆ "ನೀವು ನೀವಾಗಿರಿ" ಅನ್ನುವ ಸಾಲು ಓದಲು ಕೊಟ್ಟರೆ ಅದು ಹೇಗೆ ಕೇಳಿಸೀತು ಅಂತ ಸಲಹೆ ಬರೆದವರು ಯೋಚಿಸಿದ್ದಾರೆಯೇ?

ಬಟ್ಟೆ ಒಂದನ್ನು ಸರಿ ಮಾಡಿಕೊಂಡರೆ ಎಲ್ಲ ಸರಿಯಾಗುತ್ತದೆ ಅನ್ನುವ ಭರವಸೆಯೂ ಪೂರ್ತಿ ನಿಜ ಅಲ್ಲ. ಲೆಡ್‌ಬೈ ಫೌಂಡೇಶನ್ 2022ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಒಂದೇ ಅರ್ಹತೆಯ ಎರಡು ಬಯೋಡೇಟಾಗಳನ್ನು ಕೆಲಸಗಳಿಗೆ ಕಳಿಸಿದ್ದರು. ಬೇರೆ ಇದ್ದದ್ದು ಹೆಸರು. ಹಿಂದೂ ಹೆಸರಿನ ಹೆಣ್ಣಿಗೆ 208 ಕಡೆಯಿಂದ ಒಳ್ಳೆಯ ಉತ್ತರ ಬಂತು, ಮುಸ್ಲಿಂ ಹೆಸರಿನವಳಿಗೆ 103. ಅಲ್ಲಿ ಯಾರೂ ಯಾರ ಉಡುಪನ್ನೂ ನೋಡಿರಲಿಲ್ಲ. ಸ್ಕಾರ್ಫ್ ಕಳಚಿ ಒಳಗೆ ಹೋದವಳ ಎದೆಯ ಮೇಲೆ ಹೆಸರಿನ ಬ್ಯಾಡ್ಜು ಇದ್ದೇ ಇರುತ್ತದಲ್ಲ.

ಬೈಯುವುದಾದರೆ ನಮ್ಮವರನ್ನೂ ಬೈಯಬೇಕು. ಸ್ಕಾರ್ಫ್ ಹಾಕಿದವಳನ್ನು ಫರ್ಮ್ ಅಳೆದರೆ ಹಾಕದವಳನ್ನು ಮೊಹಲ್ಲಾ ಅಳೆಯುತ್ತದೆ. ಕುರ್ತಾ ಮೇಲೆ ಕೋಟು ಹಾಕಿ ಹೊರಟರೆ "ಇದೇನಮ್ಮಾ ವೇಷ" ಅನ್ನುವ ಖಾಲಾಗಳು, ಗಡ್ಡ ಸಣ್ಣ ಮಾಡಿಸಿದ ಹುಡುಗನ ಈಮಾನಿನ ಲೆಕ್ಕ ತೆಗೆಯುವ ಚಾಚಾಗಳು ಕಡಿಮೆ ಇಲ್ಲ. ಯಾರು ಏನು ಉಡಬೇಕು ಅನ್ನುವುದು ಉಡುವವರ ತೀರ್ಮಾನ. ಅದನ್ನು ಫರ್ಮ್‌ಗೆ ಹೇಳುವ ನಾವು ಮನೆಯಲ್ಲೂ ಹೇಳಬೇಕು. ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಫಾತಿಮಾ ಬೀವಿ 1989ರಲ್ಲಿ ಆ ಸ್ಥಾನಕ್ಕೆ ಬಂದವರು, ತಲೆ ಮೇಲೆ ಸೆರಗು ಹೊದ್ದ ಅವರ ಫೋಟೋ ನೋಡಿದ್ದೇವೆ. ಹಾಸನದಲ್ಲಿ ವಕೀಲಿ ಮಾಡಿದ ನಮ್ಮ ಬಾನು ಮುಷ್ತಾಕ್ ಅವರನ್ನೂ ನೋಡಿದ್ದೇವೆ. ಒಬ್ಬರ ಹಾಗೆ ಇನ್ನೊಬ್ಬರು ಇರಬೇಕಾಗಿಲ್ಲ.

ಸರಿ, ಹಾಗಾದರೆ ಉಡುವುದೇನು? ಟೀಕೆ ಮಾಡಿದವನು ಉತ್ತರವನ್ನೂ ಕೊಡಬೇಕು. ನನ್ನ ಸಲಹೆ ಸರಳ: ಕೋರ್ಟಿನ ನಿಯಮವನ್ನೇ ಸಂಜೆಗೂ ತನ್ನಿ. ಹುಡುಗಿಯರು ಬಿಳಿ ಅಥವಾ ತಿಳಿ ಬಣ್ಣದ ಸಾದಾ ಸಲ್ವಾರ್ ಕುರ್ತಾ ಇಲ್ಲವೇ ಸೀರೆ, ಮೇಲೆ ಕರಿ ಕೋಟು. ಸ್ಕಾರ್ಫ್ ಹಾಕುವವರು ಚಿತ್ತಾರ ಇಲ್ಲದ ಒಂದೇ ಬಣ್ಣದ್ದು ಹಾಕಿ, ಮಾತಿನ ಮಧ್ಯೆ ಸರಿಪಡಿಸುವ ಕಷ್ಟ ಬಾರದಂತೆ ಪಿನ್ ಮಾಡಿ. ಹುಡುಗರು ಬಿಳಿ ಅಂಗಿ, ಕರಿ ಪ್ಯಾಂಟು, ಕರಿ ಕೋಟು ಅಥವಾ ಬಂದ್‌ಗಲಾ. ಬ್ಯಾಂಡ್, ಗೌನು ಮಾತ್ರ ಬೇಡ. ಅವು ವಕೀಲರದ್ದು, ಅವರೂ ಅದನ್ನು ಕೋರ್ಟಿನ ಹೊರಗೆ ಹಾಕಿ ತಿರುಗುವಂತಿಲ್ಲ. ರೆಡಿಮೇಡ್ ಸೂಟಿನ ಬದಲು ಒಳ್ಳೇ ಟೈಲರ್ ಹತ್ತಿರ ಒಂದೇ ಒಂದು ಕರಿ ಕೋಟು ಹೊಲಿಸಿ, ಲೈನಿಂಗ್ ಅರ್ಧಕ್ಕೆ ಸಾಕು ಅಂತ ಹೇಳಿ. ಲೋಕಲ್‌ನಲ್ಲಿ ತೋಳಿನ ಮೇಲಿರಲಿ, ಲಿಫ್ಟ್ ಹತ್ತುವ ಮುಂಚೆ ಹಾಕಿಕೊಳ್ಳಿ. ಮೂಟ್ ಕೋರ್ಟು, ಇಂಟರ್ನ್‌ಶಿಪ್, ಸಂದರ್ಶನ, ಮುಂದೆ ವಕೀಲಿ, ಎಲ್ಲಕ್ಕೂ ಅದೇ ಆಗುತ್ತದೆ. ಗ್ಲಾಸಿನಲ್ಲಿ ನಿಂಬೆ ಸೋಡಾ ಇದ್ದರೆ ಯಾರಿಗೂ ವಿವರಣೆ ಕೊಡಬೇಕಾಗಿಲ್ಲ. ಯಾರಾದರೂ ಉಡುಪಿನ ಬಗ್ಗೆ ಹುಬ್ಬೇರಿಸಿದರೆ, ಇದು ಬಾರ್ ಕೌನ್ಸಿಲ್ ಒಪ್ಪಿದ ಉಡುಪು ಅಂತ ನಗುತ್ತಾ ಹೇಳಿ. ವಕೀಲರ ಕೂಟದಲ್ಲಿ ಅದಕ್ಕಿಂತ ಗಟ್ಟಿ ಉತ್ತರ ಇಲ್ಲ.

ಆಮಂತ್ರಣ ಬಂದ ದಿನವೇ ಒಂದು ಸಾಲಿನ ಮೇಲ್ ಹಾಕಿ: ಉಡುಪಿನ ನಿಯಮ ಏನು, ಸಲ್ವಾರ್ ಕುರ್ತಾ ಮತ್ತು ಸ್ಕಾರ್ಫ್ ನಡೆಯುತ್ತದೆಯೇ? ಇದು ಅನುಮತಿ ಬೇಡುವುದಲ್ಲ. ಬರೆಯದ ನಿಯಮವನ್ನು ಬರೆಸುವುದು. ನಡೆಯುತ್ತದೆ ಅಂತ ಉತ್ತರ ಬಂದರೆ ಮುಂದಿನ ವರ್ಷದ ತಂಗಿಯರಿಗೆ ಆ ಮೇಲ್ ದಾಟಿಸಿ. ನಡೆಯುವುದಿಲ್ಲ ಅಂತ ಬಂದರೆ ಅದನ್ನೂ ಜೋಪಾನವಾಗಿ ಇಟ್ಟುಕೊಳ್ಳಿ, ನೀವು ಕಾನೂನು ಓದುತ್ತಿರುವವರು.

ಇನ್ನು ಈ ಬರಹ ಓದುವವರಲ್ಲಿ ಆಗಲೇ ವಕೀಲರಾಗಿರುವವರು, ಫರ್ಮ್‌ಗಳಲ್ಲಿ ಕೂತಿರುವವರು ಇದ್ದೀರಿ. ನಿಮ್ಮ ಕಚೇರಿಯಿಂದ ಮುಂದಿನ ಆಮಂತ್ರಣ ಹೊರಡುವ ಮುನ್ನ ಅದಕ್ಕೆ ಒಂದು ಸಾಲು ಸೇರಿಸಿ: ಕೋರ್ಟಿಗೆ ಒಪ್ಪುವ ಉಡುಪು ಇಲ್ಲಿಗೂ ಒಪ್ಪುತ್ತದೆ. ಇದಕ್ಕೆ ಖರ್ಚಿಲ್ಲ, ತಿದ್ದುಪಡಿ ಬೇಕಿಲ್ಲ. ಆ ಸಾಲು ಓದಿದ ಹುಡುಗಿ ಅವತ್ತು ಸಂಜೆ ಕನ್ನಡಿ ಬಿಟ್ಟು ಕಂಪನಿ ಕಾಯ್ದೆಯ ಪುಸ್ತಕ ತೆರೆದು ಕೂರುತ್ತಾಳೆ.